ಪಟಹರಣ ಮೀಮಾಂಸೆ

ಶಾಸ್ತ್ರವನ್ನು ಪ್ರಮೇಯದಿಂದ ತೊಡಗಬೇಕೆಂಬುದು ಶಿಷ್ಟಾಚಾರ. ನಮ್ಮ ಪ್ರಮೇಯ ಇದು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬದು ದಾಟಿ ಬಿದ್ದ ತೆಂಗಿನಕಾಯಿ ಯಾವ ಮರದ್ದು, ಯಾರ ಅಟ್ಟ ಸೇರಬೇಕಾದದ್ದು ಎಂದು ಕತ್ತಲಲ್ಲೂ ಹೇಳಬಲ್ಲವನಿಗೆ, ಮೊಬೈಲಿಗೆ ಬಂದು ಬಿದ್ದ ನಾಯಕನಟನ ಪಟ ಯಾರದ್ದೆಂದು ಹಾಡುಹಗಲಲ್ಲೂ ತಿಳಿಯದು. ಈ ದೃಷ್ಟಿದೋಷಕ್ಕೆ ‘ಅಭಿಮಾನಾಂಧ್ಯ’ ಎಂದು ನಾಮಕರಣ ಮಾಡಿದ್ದೇವೆ. ಹೆಸರಿನ ಹಕ್ಕು ನಮ್ಮದೇ.

ಪೂರ್ವಪಕ್ಷ: ‘ಅಣ್ಣ ನಮ್ಮೋನು ಕಣ್ರೀ, ಅಂದ್ಮೇಲೆ ಅಣ್ಣನ ಫೋಟೋನೂ ನಮ್ದೇ.’ ಜಗ್ಗೇಶ್ ತುರುವೇಕೆರೆ ತಾಲ್ಲೂಕಿನವರಾದ್ದರಿಂದ ಆ ಭಾಗದಲ್ಲಿ ಈ ತರ್ಕಕ್ಕೆ ಭೌಗೋಳಿಕ ಬಲವೂ ಇದೆ. ಖಂಡನೆ: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೋದ ಕರ್ತೃ ಅದನ್ನು ತೆಗೆದವನು, ಅದರೊಳಗೆ ನಿಂತು ನಕ್ಕವನಲ್ಲ. ಹಣ ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, 17ನೇ ಕಲಮಿನ ಪ್ರಕಾರ ಮೊದಲ ಒಡೆಯ ತೆಗೆಸಿದವನು. ಹೀಗಾಗಿ ಸಿನಿಮಾದ ಸ್ಟಿಲ್ ಬಹುಮಟ್ಟಿಗೆ ನಿರ್ಮಾಪಕನ ಪಾಲು. ಅಣ್ಣನೇ ಈ ವಂಶಾವಳಿಯಲ್ಲಿಲ್ಲ, ಇನ್ನು ತಮ್ಮಂದಿರ ಮಾತೆಲ್ಲಿ?

‘ಹಳೇ ಫೋಟೋ ಬಿಡಿ’ ಎಂಬ ಎರಡನೆಯ ಪೂರ್ವಪಕ್ಷವನ್ನು ತಿಪಟೂರಿನವರಂತೂ ಎತ್ತಕೂಡದು. ಅಟ್ಟದ ಮೇಲೆ ವರ್ಷ ಕೂತು, ನೀರಿಂಗಿ, ಉಂಡೆ ಕೊಬ್ಬರಿಯಾದ ಕಾಯಿಯ ಒಡೆತನ ನೀರಿನೊಂದಿಗೆ ಇಂಗುವುದಿಲ್ಲ. 2012ರ ತಿದ್ದುಪಡಿಯಿಂದೀಚೆಗೆ ಫೋಟೋಕ್ಕೂ ಕರ್ತೃವಿನ ಆಯಸ್ಸು, ಆಮೇಲೆ 60 ವರ್ಷ. ‘ದುಡ್ಡೇನ್ ಮಾಡ್ಕೊಂಡಿಲ್ವಲ್ಲ’ ಎಂಬುದು ಮೂರನೆಯದು. 52ನೇ ಕಲಮು ಸ್ವಂತ ಬಳಕೆ, ವಿಮರ್ಶೆ, ಸುದ್ದಿಯ ವರದಿಗೆ ಒಂದಿಷ್ಟು ದಾರಿ ಬಿಟ್ಟಿರುವುದು ನಿಜ. ಕಟೌಟಿಗೆ ಹಾಲೆರೆಯುವುದು ವಿಮರ್ಶೆಯ ಯಾವ ಪಂಥಕ್ಕೆ ಸೇರುತ್ತದೆಂಬ ಬಗ್ಗೆ ವಿದ್ವಾಂಸರು ಮೌನಿಗಳು.

ಇನ್ನು ಹರಣಪ್ರಭೇದ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ; ಅಂಥ ನೆಲದಲ್ಲಿ ಅಲಂಕಾರಶಾಸ್ತ್ರವನ್ನು ಬಿಟ್ಟು ಕಳವಿನ ಮಾತಾಡುವುದು ಅಗೌರವ. ಕವಿಗಳು ಕದಿಯುವ ಬಗೆಗಳನ್ನು ರಾಜಶೇಖರ ಸಾವಿರ ವರ್ಷದ ಹಿಂದೆಯೇ ವಿಂಗಡಿಸಿಟ್ಟಿದ್ದಾನೆ. ಬಂದದ್ದನ್ನು ಬಂದ ಹಾಗೇ ಸ್ಟೇಟಸ್‌ಗೆ ಏರಿಸಿದರೆ ಪ್ರತಿಬಿಂಬಕಲ್ಪ. ಹಿಂದೊಂದು ಸಿಂಹ, ಸುತ್ತ ಒಂದಿಷ್ಟು ಬೆಂಕಿ ಸೇರಿಸಿ ‘ನನ್ನ ಎಡಿಟ್’ ಎಂದರೆ ಆಲೇಖ್ಯಪ್ರಖ್ಯ. ಅಣ್ಣನ ತಲೆಯನ್ನು ಪರಭಾಷೆಯ ನಟನ ಮೈಗೆ ಅಂಟಿಸುವುದು ಪರಪುರಪ್ರವೇಶ. ತುಲ್ಯದೇಹಿತುಲ್ಯಕ್ಕೆ ಉದಾಹರಣೆ ಬೇಕಾದವರು ಯಾವುದಾದರೂ ಹುಟ್ಟುಹಬ್ಬದ ಬೆಳಗ್ಗೆ ಊರ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್‌ಗಳನ್ನು ನೋಡಬಹುದು.

ರಾಜಶೇಖರನಿಗೆ ಹೊಳೆಯದ ಐದನೆಯ ಬಗೆಯೊಂದಿದೆ: ನಾಮಚ್ಛೇದ. ಮೂಲೆಯಲ್ಲಿದ್ದ ಛಾಯಾಗ್ರಾಹಕನ ಹೆಸರನ್ನು ಕತ್ತರಿಸಿ, ಆ ಜಾಗದಲ್ಲಿ ತಮ್ಮ ಸಂಘದ ಹೆಸರನ್ನು ಒತ್ತುವುದು. ಸುಲಿದ ಕಾಯಿಗೆ ಗುರುತಿರುವುದಿಲ್ಲವೆಂಬ ಧೈರ್ಯ. ಆದರೆ ಹಕ್ಕಿನ ವಿವರವನ್ನು ಗೊತ್ತಿದ್ದೂ ಅಳಿಸಿದವನಿಗೆ 65ಬಿ ಕಲಮು ಎರಡು ವರ್ಷದವರೆಗಿನ ಸೆರೆಮನೆಯನ್ನೂ ದಂಡವನ್ನೂ ಕಾದಿರಿಸಿದೆ. ಹಕ್ಕನ್ನೆಲ್ಲ ಮಾರಿಕೊಂಡ ಮೇಲೂ ‘ಇದನ್ನು ತೆಗೆದವನು ನಾನು’ ಎನ್ನುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆಂದು 57ನೇ ಕಲಮು ಹೇಳುತ್ತದೆ. ರಾಜ್‌ಕುಮಾರ್ ಅವರ ಮುಖ ಗೊತ್ತಿಲ್ಲದ ಅಭಿಮಾನಿಯಿಲ್ಲ. ಆ ಮುಖವನ್ನು ಸ್ಟಿಲ್‌ಗಳಲ್ಲಿ ಹಿಡಿದ ಪ್ರಗತಿ ಸ್ಟುಡಿಯೋದ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಅವರ ಹೆಸರು ಎಷ್ಟು ಜನರ ಬಾಯಲ್ಲಿದೆ? ಇದೊಂದು ಪ್ರಕರಣದಲ್ಲಿ ಮಾತ್ರ ನನಗೆ ಪಾಂಡಿತ್ಯದ ನಗು ಬರುವುದಿಲ್ಲ.

ಉಳಿದದ್ದು ಜಾತ್ರಾಪಟ ಪ್ರಕರಣ. ಜಾತ್ರೆಗೆ ಬಂದ ನಟನ ಪಕ್ಕ ನಿಂತು ಒಬ್ಬ ಹಲ್ಲು ಬಿಡುತ್ತಾನೆ. ಗೆಳೆಯ ಅವನ ಮೊಬೈಲಿನಲ್ಲೇ ಗುಂಡಿ ಒತ್ತುತ್ತಾನೆ. ಕರ್ತೃ ಒತ್ತಿದವನು, ‘ಫೋನ್ ನಂದು ಕಣ್ಲಾ’ ಎಂಬ ವಾದ ನಿಲ್ಲದು. ಹಲ್ಲು ಬಿಟ್ಟವನು ಮೊದಲೇ ಟೀ ಕುಡಿಸಿದ್ದರೆ ಅದು ಪ್ರತಿಫಲವಾಗಿ, 17ನೇ ಕಲಮಿನಡಿ ಪಟ ಅವನದ್ದಾಗುತ್ತದೆಯೇ? ಆಗುತ್ತದೆ ಎಂದು ತಿಪಟೂರು ಶಾಖೆ. ಟೀ ಸಾಲದು, ಬನ್ನೂ ಇರಬೇಕು ಎಂದು ಚಿಕ್ಕನಾಯಕನಹಳ್ಳಿ ಶಾಖೆ. ತುರುವೇಕೆರೆಯವರು ಬನ್‌ಗೆ ಬೆಣ್ಣೆ ಸವರಿತ್ತೇ ಎಂದು ಕೇಳಿದ್ದಾರೆ.