ಹಿತ್ತಲ ಮೀಮಾಂಸೆ: ಹಾವೇರಿ ಸೀಮೆಗೆ ಅನ್ವಯಿಸಿದಂತೆ

ಹಿತ್ತಲಿಗೆ ಗಿಡ ಬರುವ ಮಾರ್ಗಗಳು ಮೂರು ಎಂದು ಬಲ್ಲವರು ಹೇಳುತ್ತಾರೆ: ಕೊಂಡು ತಂದದ್ದು, ಬೇಡಿ ತಂದದ್ದು, ಕದ್ದು ತಂದದ್ದು. ಮೊದಲನೆಯದಕ್ಕೆ ಪಾವತಿ ಇರುತ್ತದೆ, ಎರಡನೆಯದಕ್ಕೆ ಋಣ ಇರುತ್ತದೆ, ಮೂರನೆಯದಕ್ಕೆ ಮಾತ್ರ ಚಿಗುರು ಇರುತ್ತದೆ. ಕದ್ದ ಕಡ್ಡಿಯೇ ಚಿಗಿಯುತ್ತದೆ ಎಂಬುದು ಹಾವೇರಿಯ ಓಣಿಗಳಲ್ಲಿ ವಾದಕ್ಕೆ ಆಸ್ಪದವಿಲ್ಲದ ಸಿದ್ಧಾಂತ. ಇದಕ್ಕೆ ಇದುವರೆಗೆ ಯಾರೂ ಭಾಷ್ಯ ಬರೆಯದಿರುವುದು ಪಂಡಿತವರ್ಗದ ಲೋಪ. ಬಹುಶಃ ಅವರ ಹಿತ್ತಲಿನಲ್ಲೂ ಕದ್ದದ್ದೇ ಇತ್ತು.

ಆ ಲೋಪವನ್ನು ಇಲ್ಲಿ ತುಂಬಲಾಗಿದೆ. ಕದಿಯುವವರು ಬಡಕಲು ಗಿಡಕ್ಕೆ ಎಂದೂ ಕೈಹಾಕುವುದಿಲ್ಲ. ಹೂಬಿಟ್ಟು ಮೆರೆಯುತ್ತಿರುವ ದಾಸವಾಳದ ಅರೆಬಲಿತ ಟೊಂಗೆಯನ್ನೇ, ಅದೂ ಮಳೆಗಾಲದಲ್ಲಿ, ಹೊತ್ತು ಮುಳುಗಿದ ಮೇಲೆ ಮುರಿಯುತ್ತಾರೆ. ತೋಟಗಾರಿಕೆಯವರು ಕಡ್ಡಿ ನೆಡಲು ಹೇಳಿಕೊಡುವುದೂ ಇದನ್ನೇ: ಆರೋಗ್ಯವಂತ ತಾಯಿಗಿಡ, ತೇವದ ಹವೆ, ಬಿಸಿಲಿಲ್ಲದ ಹೊತ್ತು. ಇನ್ನು, ಗೋಡೆಯಾಚೆಗೆ ಕೈಗೆ ಸಿಗುವವೆಲ್ಲ ಕಡ್ಡಿಯಿಂದಲೇ ಬರುವ ಕುಲದವು. ಮಲ್ಲಿಗೆ, ಕಣಗಿಲ, ನುಗ್ಗೆ. ಮಾವಿನ ಟೊಂಗೆ ಕದ್ದು ಊರಿದವರಿಗೆ ಉರುವಲು ದೊರೆತಿದೆ. ಕೊನೆಯ ಮತ್ತು ಮುಖ್ಯ ಕಾರಣವೆಂದರೆ, ಕದ್ದದ್ದು ಒಣಗಿದರೆ ಯಾರೂ ಬಾಯಿಬಿಡುವುದಿಲ್ಲ. ಸತ್ತ ಕಡ್ಡಿಗಳ ಲೆಕ್ಕ ಯಾವ ಊರಿನಲ್ಲೂ ಇಲ್ಲ. ಚಿಗಿತದ್ದೊಂದೇ ಓಣಿಯ ಮುಂದೆ ನಿಂತು ಸಾಕ್ಷಿ ನುಡಿಯುತ್ತದೆ.

“ಕೇಳಿದ್ರ ನಾನ ಕೊಡತಿದ್ನೆಲ್ಲವಾ” ಎಂದು ಗಿಡದ ಒಡತಿ ಆಕ್ಷೇಪಿಸಬಹುದು. “ಕೇಳಿ ಒಯ್ದಿದ್ರ ಚಿಗೀತಿರಲಿಲ್ರೀ ಅಕ್ಕಾರ” ಎಂಬುದು ಶಾಸ್ತ್ರಸಮ್ಮತ ಉತ್ತರ.

ಕೊಂಡು ತರುವ ಮಾರ್ಗಕ್ಕೆ ರಾಣೆಬೆನ್ನೂರು ಪೀಠಸ್ಥಾನ. ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಆ ತಾಲ್ಲೂಕಿನಲ್ಲಿ ಟೊಮೆಟೊ ಹೂವಿಗೆ ನಡೆಯುವಷ್ಟು ಕಟ್ಟುನಿಟ್ಟಿನ ಸಂಬಂಧ ನೋಡುವಿಕೆ ಮನುಷ್ಯರ ಮದುವೆಯಲ್ಲೂ ಕಾಣದು. ಹೆಣ್ಣು ಸಾಲಿನ ಮೊಗ್ಗು ಅರಳುವ ಮುಂಚೆಯೇ ಕೂಲಿಯ ಹೆಣ್ಣುಮಕ್ಕಳು ಚಿಮಟ ಹಿಡಿದು ಕೇಸರ ಕೀಳುತ್ತಾರೆ. ಮರುದಿನ ಬೆಳಗ್ಗೆ ಗಂಡು ಸಾಲಿನಿಂದ ಕೂಡಿಸಿಟ್ಟ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸುತ್ತಾರೆ. ‘ಕ್ರಾಸಿಂಗ್’ ಮುಗಿದದ್ದಕ್ಕೆ ಗುರುತಾಗಿ ತೊಟ್ಟಿನ ಬಳಿಯ ಹಸಿರು ಎಸಳುಗಳನ್ನು ಕತ್ತರಿಸುತ್ತಾರೆ. ಹಾಗೆ ಕತ್ತರಿಸದ ಕಾಯಿ ತಾನಾಗಿಯೇ ಆದದ್ದು, ಬೀಜಕ್ಕೆ ಸಲ್ಲದು. ಇಷ್ಟು ಕಣ್ಣು ಕೀಲಿಸಿ ಮಾಡಿದ ಬೀಜ ಪೊಟ್ಟಣ ಸೇರಿ ದೇಶ ತಿರುಗುತ್ತದೆ. ಬೆಲೆ ಕೇಳಿದವರು ಅದನ್ನು ಹೆಚ್ಚೆನ್ನುತ್ತಾರೆ. ಚಿಮಟ ಹಿಡಿದು ದಿನಗಟ್ಟಲೆ ಬಗ್ಗಿ ನಿಂತವರನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು.

ಅಂಥ ಪೊಟ್ಟಣವೊಂದು ಹಿತ್ತಲಿಗೆ ಬಂದು ಭರ್ಜರಿ ಫಲ ಕೊಡುತ್ತದೆ. ಮನೆಯ ಹಿರಿಯಳು ಅದರ ಬೀಜ ತೆಗೆದು, ಬೂದಿಯಲ್ಲಿ ಕಲಸಿ, ಒಣಗಿಸಿ, ಡಬ್ಬಿಯಲ್ಲಿ ಕಟ್ಟಿಡುತ್ತಾಳೆ. ಮುಂದಿನ ಮಳೆಗೆ ಹಚ್ಚಿದರೆ ಒಂದು ಗಿಡ ಕುಳ್ಳ, ಒಂದು ಬಳ್ಳಿ, ಒಂದರ ಕಾಯಿ ಗೋಲಿಯಷ್ಟು, ಇನ್ನೊಂದು ಹುಳಿಯಲ್ಲಿ ಹುಣಸೆಗೆ ಸಮ. “ಕಂಪನಿಯವ್ರು ಮೋಸ ಮಾಡ್ಯಾರ” ಎಂಬುದು ಆಕೆಯ ತೀರ್ಪು. ಹೈಬ್ರಿಡ್ ಗಿಡದ ಮಕ್ಕಳಲ್ಲಿ ಅಜ್ಜ-ಅಜ್ಜಿಯರ ಗುಣಗಳು ಮತ್ತೆ ಹರಿದು ಹಂಚಿಹೋಗುತ್ತವೆ ಎಂದು ಗ್ರೆಗೊರ್ ಮೆಂಡೆಲ್ 1866ರಲ್ಲೇ ಅಚ್ಚು ಹಾಕಿಸಿದ್ದ. ಆತನೂ ಮಠದ ಹಿತ್ತಲಿನಲ್ಲಿ ಬಟಾಣಿ ಹಚ್ಚಿಯೇ ಇದನ್ನು ಕಂಡದ್ದು. ಆತ ಮೋಸ ಎನ್ನದೆ ಎಣಿಸುತ್ತ ಕೂತ; ನಮ್ಮ ಅವ್ವಂದಿರಿಗೆ ಅಷ್ಟು ಪುರಸೊತ್ತು ಇಲ್ಲ.

ಹಾಗಾದರೆ ಜವಾರಿಯೇ ಮೇಲು ಎಂದು ಪೂರ್ವಪಕ್ಷ. ಹಾಗೆನ್ನುವವರು ಬ್ಯಾಡಗಿಯತ್ತ ಬೆರಳು ತೋರುತ್ತಾರೆ. ಸುಕ್ಕು ಸಿಪ್ಪೆ, ಕಡುಗೆಂಪು ಬಣ್ಣ, ಮೆತ್ತಗಿನ ಖಾರದ ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ದೊರೆಯಿತು, ನಿಜ. ಆದರೆ ಬ್ಯಾಡಗಿ ಪೇಟೆಗೆ ಬಂದು ಬೀಳುವ ಚೀಲಗಳಲ್ಲಿ ದೊಡ್ಡ ಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ಹಾವೇರಿ ಏಲಕ್ಕಿ ಮಾಲೆಗೆ ಹೆಸರಾದ ಊರು. ಊರ ಸುತ್ತ ಏಲಕ್ಕಿ ಗಿಡ ಹುಡುಕಹೊರಟವರು ಮಲೆನಾಡು ಮುಟ್ಟಿ ನಿಲ್ಲಬೇಕು. ರಾಣೆಬೆನ್ನೂರಿನ ಬೀಜ ರಾಣೆಬೆನ್ನೂರಿನಲ್ಲಿ ನಿಲ್ಲುವುದಿಲ್ಲ. ಮೆಣಸಿನಕಾಯಿಯಾದರೂ ಯಾರದು? ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಟೊಮೆಟೊ, ಪೇರಲ, ಪಪ್ಪಾಯಿ ಎಲ್ಲವೂ ಅತ್ತ ಕಡೆಯವೇ. ಆದ್ದರಿಂದ ಪಕ್ಕದ ಮನೆಯ ದಾಸವಾಳವನ್ನು ತನ್ನದೆನ್ನುವುದು ಈ ಸೀಮೆಯ ಪರಂಪರೆಗೆ ಒಪ್ಪುವ ನಡೆಯೇ ಹೊರತು ಅಪರಾಧವಲ್ಲ ಎಂದು ಸಿದ್ಧವಾಯಿತು.

ಆರೈಕೆಯ ಪ್ರಕರಣ ಸಣ್ಣದು. ಮುಸುರಿ ನೀರು ಸುರಿಯುವುದು, ಎಳೆ ಹೀರೆಮಿಡಿಗೆ ಬೆರಳು ತೋರಿಸಿದವರನ್ನು ಬೈಯುವುದು. ಇವೆರಡರಲ್ಲಿ ಅದು ಮುಗಿಯುತ್ತದೆ. ಮಿಡಿ ಹಳದಿಯಾಗಿ ಉದುರುವುದು ಪರಾಗಸ್ಪರ್ಶ ಆಗದ್ದಕ್ಕೆ ಅಥವಾ ಹಣ್ಣುನೊಣ ಚುಚ್ಚಿದ್ದಕ್ಕೆ ಎಂದು ವಿಜ್ಞಾನ ಹೇಳುತ್ತದೆ. ಆದರೆ ನೊಣವನ್ನು ಬೈದರೆ ಅದಕ್ಕೆ ನಾಚಿಕೆಯಿಲ್ಲ. ನೆಂಟರ ಮಗುವಿಗಾದರೆ ಉಂಟು. ಮೆಣಸಿನ ಗಿಡದ ಮುಟುರು ರೋಗದಲ್ಲಿ ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ನುಸಿ ಎಂದು ತಿಳಿದವರು ಭೇದ ಮಾಡುತ್ತಾರೆ. ಎರಡೂ ಕಡೆ ಮುದುಡಿದರೆ ದೃಷ್ಟಿ ತಾಗಿದೆ ಎಂದು ಅತ್ತೆಯವರು ಭೇದವನ್ನು ಅಳಿಸುತ್ತಾರೆ.

ಪ್ರಾಣಿಗಳ ವಿಷಯ ಬೇರೆ. ಅವನ್ನು ತರಬೇಕಾಗಿಲ್ಲ. ಹೋರಿಯೊಂದೇ ಅಪವಾದ. ದೀಪಾವಳಿಯ ನಂತರದ ಬೆದರಿಸುವ ಸ್ಪರ್ಧೆಗೆ ಕೊರಳ ತುಂಬ ಕೊಬ್ಬರಿ ಕಟ್ಟಿಸಿಕೊಂಡು ಓಡುವ ಆ ಪ್ರಾಣಿಗೆ ಹುರುಳಿ, ಹಿಂಡಿ, ಮೈತಿಕ್ಕುವಿಕೆ, ಬಿರುದುಗಳೆಲ್ಲ ಸಲ್ಲುತ್ತವೆ. ಅದರ ಉಪಚಾರ ಕಂಡ ಮನೆಯ ಮಗ ಯಾವ ಜನ್ಮದ ಪುಣ್ಯ ಎಂದು ಕೇಳುವುದುಂಟು. ಉಳಿದವು ಕರೆಯದೆ ಬರುತ್ತವೆ. ಬೆಕ್ಕು ಬಂದು ಮನೆಯನ್ನು ಪರೀಕ್ಷಿಸಿ ಒಪ್ಪಿಕೊಳ್ಳುತ್ತದೆ. ಮಂಗ್ಯಾ ಪೇರಲದ ಹದ ನೋಡಿ, ಹಣ್ಣಾಗುವ ಹಿಂದಿನ ದಿನ ಬರುತ್ತದೆ. ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಗಿಳಿ ನಮ್ಮ ಮೆಣಸಿನ ಗಿಡವನ್ನು ಬೋಳಿಸುವುದು ಯಾವ ಕಾಯ್ದೆಯಡಿಯೂ ಅಲ್ಲ. ಹಕ್ಕಿಗಳ ಬಾಯಿಗೆ ಖಾರ ತಾಗುವುದಿಲ್ಲ. ಬೀಜ ಅರೆಯದೆ ನುಂಗಿ ದೂರ ಉದುರಿಸಲು ಮೆಣಸಿನ ಗಿಡ ಆರಿಸಿಕೊಂಡ ಗಿರಾಕಿ ಹಕ್ಕಿಯೇ, ನಾವಲ್ಲ. ಎಂದೂ ಬಿತ್ತದ ಮೂಲೆಯಲ್ಲಿ ಮೆಣಸಿನ ಸಸಿ ಎದ್ದರೆ ಅದು ಹಕ್ಕಿಯ ಹಿಕ್ಕೆಯ ನಾಲ್ಕನೆಯ ಮಾರ್ಗ. ಪಾವತಿ, ಋಣ, ಕಳವು ಮೂರೂ ಇಲ್ಲದ್ದು. ರಾಣೆಬೆನ್ನೂರಿನ ಹೊರವಲಯದವರಿಗೆ ಚಿಗರಿಯೂ ಸೇರಿಕೊಳ್ಳುತ್ತದೆ. 1974ರಲ್ಲಿ ಕೃಷ್ಣಮೃಗಕ್ಕೆಂದು ಅಲ್ಲಿ ಅಭಯಾರಣ್ಯ ಘೋಷಿಸಲಾಯಿತು. ಗಡಿ ಗುರುತಿಸಿದ ಕಲ್ಲನ್ನು ಚಿಗರಿ ಮೈತುರಿಸಿಕೊಳ್ಳಲು ಬಳಸಿ ಹೊಲಕ್ಕೆ ದಾಟುತ್ತದೆ.

ಇನ್ನು ಗೋಡೆಯ ವ್ಯಾಜ್ಯ. ನುಗ್ಗೆ ಟೊಂಗೆ ಪಕ್ಕದ ಹಿತ್ತಲಿಗೆ ಬಾಗಿದಾಗ ಒಡೆತನ ಯಾರದು? ಕಾಯಿ ಯಾರ ಕಡೆ ಜೋತುಬಿದ್ದಿದೆಯೋ ಅವರದು, ಎಲೆ ಉದುರಿದ ಅಂಗಳ ಯಾರದೋ ಕಸ ಅವರದು. ಕಂಬಳಿಹುಳ ಮಾತ್ರ, ಯಾವ ಕಡೆ ಇಳಿದರೂ, ಗಿಡ ಹಚ್ಚಿದವರದು.