ಸ್ಟೇಜ್ ಒನ್ ಕಾರಿನ ವಿಕ್ರಯ ಮೀಮಾಂಸೆ

ಯಾವ ಶಾಸ್ತ್ರವನ್ನು ಹೇಳಹೊರಟರೂ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನಿಂದ ಕುಮಟೆಯ ಗಿಬ್ ಸರ್ಕಲ್ಲಿನವರೆಗೆ ಎಲ್ಲಾದರೊಂದು ಕಡೆ ಮನೆಯಿದ್ದು, ಅಂಗಳದಲ್ಲಿ ಕೆಎ 47 ನಂಬರಿನ ಪೋಲೋ ಜಿಟಿ ನಿಲ್ಲಿಸಿಕೊಂಡು, ಮದುವೆ ಗೊತ್ತಾದ ಕಾರಣಕ್ಕೆ ಅದನ್ನು ಮಾರಹೊರಟವನು ಈ ಶಾಸ್ತ್ರಕ್ಕೆ ಅಧಿಕಾರಿ. ವಿಷಯ, ಆ ಕಾರು. ಸಂಬಂಧ, ಬೆಂಗಳೂರಿನಲ್ಲೋ ಗೋವೆಯಲ್ಲೋ ಕೂತು ‘ಲಾಸ್ಟ್ ಎಷ್ಟು ಬ್ರೋ?’ ಎನ್ನುವ ಅಪರಿಚಿತನ ಜೊತೆ. ಪ್ರಯೋಜನ ಯಾರಿಗೆಂಬುದು ಮುಂದೆ ತಿಳಿಯುತ್ತದೆ.

ವಸ್ತುನಿರ್ಣಯದಲ್ಲೇ ಮೊದಲ ತೊಡಕು. 2013ರಲ್ಲಿ ಬಂದ ಈ ಜಿಟಿ ಟಿಎಸ್‌ಐಗೆ ಕಂಪನಿ ಕೊಟ್ಟದ್ದು 1.2 ಲೀಟರಿನ ಟರ್ಬೋ ಎಂಜಿನ್, 105 ಕುದುರೆಶಕ್ತಿ. ನಮ್ಮವನು ಅದಕ್ಕೆ ‘ಸ್ಟೇಜ್ ಒನ್’ ಎಂಬ ರೀಮ್ಯಾಪ್ ಮಾಡಿಸಿ, ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿ, ಸ್ಪ್ರಿಂಗ್ ಬದಲಿಸಿ ನೆಲಕ್ಕೆ ತಾಗುವ ಹಾಗೆ ಇಳಿಸಿದ್ದಾನೆ. ಊರ ಪ್ರತಿ ಹಂಪನ್ನೂ ಅಡ್ಡಡ್ಡ ಹತ್ತಿಸಿ, ಹಿಂದಿನ ಟೆಂಪೋದವನಿಂದ ಬೈಸಿಕೊಂಡು ಇಳಿಸಬೇಕು. ಇಷ್ಟಾದರೂ ಆರ್‌ಸಿಗೆ ಇದೊಂದೂ ಗೊತ್ತಿಲ್ಲ. ಹಾಗಾಗಿ ಇರುವುದು ಎರಡು ಕಾರು: ಕಾಗದದ್ದೊಂದು, ರಸ್ತೆಯದ್ದೊಂದು. ರೇಟು ಹೇಳುವಾಗ ಮಾರುವವನು ಕಟ್ಟಾ ದ್ವೈತಿ. ‘ಕಾರಿನದು ಬೇರೆ, ಪಾರ್ಟ್ಸಿನದು ಬೇರೆ’ ಎಂದು ಎರಡು ಲೆಕ್ಕ ಕೊಡುತ್ತಾನೆ. ಇನ್‌ಸ್ಪೆಕ್ಟರ್ ಎದುರಾದರೆ ಮಾತ್ರ ಅದ್ವೈತಿ. ‘ಕಂಪನಿಯಿಂದ ಬಂದದ್ದೇ ಹೀಗೆ ಸರ್.’

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಈ ಅದ್ವೈತ ಒಪ್ಪಿಗೆಯಲ್ಲ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಬಾರದು ಎನ್ನುತ್ತದೆ ಅದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಜಾಹೀರಾತಿನಲ್ಲಿ ‘ಟೋಟಲ್ ಎಂಟು ಮಾಡ್’ ಎಂದು ಹೆಮ್ಮೆಯಿಂದ ಬರೆದವನು ಗುಣಾಕಾರದ ಅರ್ಧ ಕೆಲಸವನ್ನು ತಾನೇ ಮುಗಿಸಿಕೊಟ್ಟಿರುತ್ತಾನೆ.

ಇನ್ನು ಪ್ರಮಾಣ ವಿಚಾರ. ಕೊಳ್ಳುವವನು ನೂರಾರು ಕಿಲೋಮೀಟರ್ ದೂರದಲ್ಲಿರುವುದರಿಂದ ಪ್ರತ್ಯಕ್ಷ ಪ್ರಮಾಣ ಸಾಧ್ಯವಿಲ್ಲ. ಅದರ ಜಾಗಕ್ಕೆ ಕಾಸರಕೋಡ ಕಡಲತೀರದಲ್ಲಿ ಸಂಜೆಬಿಸಿಲಿಗೆ ತೆಗೆದ ಫೋಟೋಗಳಿವೆ. ಅದೇ ಕಡಲ ಉಪ್ಪುಗಾಳಿ ವ್ಹೀಲ್ ಆರ್ಚಿನ ಒಳಗಂಚಿಗೆ ಹಿಡಿಸಿದ ತುಕ್ಕು ಅವುಗಳಲ್ಲಿ ಕಾಣುವುದಿಲ್ಲ. ಅನುಮಾನ ಪ್ರಮಾಣವೂ ಕುಂಟುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ನೈಯಾಯಿಕರು ಊಹಿಸಿದರು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ಟರ್ಬೋದ ಆಯಿಲ್ ಸೀಲ್ ಹೋಗಿರಬೇಕೆಂದು ಮೆಕ್ಯಾನಿಕ್ ಊಹಿಸುತ್ತಾನೆ. ಆದರೆ ವಿಡಿಯೋ ತೆಗೆದದ್ದು ರಾತ್ರಿ. ಕಡೆಗೆ ಉಳಿಯುವುದು ಶಬ್ದ ಪ್ರಮಾಣ. ಕೋಲ್ಡ್ ಸ್ಟಾರ್ಟ್ ವಿಡಿಯೋ ಒಂದನ್ನು ಕೇಳಿಯೇ ಕಾರು ಕೊಂಡವರಿದ್ದಾರೆ, ಪಕ್ಕದ ಮನೆಯವರು ಅದನ್ನೇ ಕೇಳಿ ಕಂಪ್ಲೇಂಟ್ ಕೊಟ್ಟವರಿದ್ದಾರೆ.

ಮಾರುವವನ ಕಡೆಯಿಂದ ನೋಡಿದರೆ, ಮೋಸ ಹೋಗುವುದೆಂದರೆ ದುಡ್ಡು ಬಾರದಿರುವುದು ಎಂಬುದು ಪೂರ್ವಪಕ್ಷ. ಅದಕ್ಕೂ ಆಧಾರವಿದೆ. ‘ನಾನು ಮಿಲಿಟರಿಯಲ್ಲಿದ್ದೇನೆ, ಕಾರು ನೋಡುವುದೇ ಬೇಡ, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಅಡ್ವಾನ್ಸ್ ಬರುತ್ತದೆ’ ಎನ್ನುವ ಮಹಾನುಭಾವರು ಪ್ರಸಿದ್ಧರೇ. ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ. ಆದರೆ ಇದು ಬಾಲಬೋಧೆ. ನಿಜವಾದ ಗುಂಡಿ ಇರುವುದು ದುಡ್ಡು ಪೂರ್ತಿ ಬಂದಾಗ.

ಕೊಳ್ಳುವವನು ರಾತ್ರಿ ಬಸ್ಸಿಗೆ ಬಂದು ಹೊನ್ನಾವರದ ಶರಾವತಿ ಸರ್ಕಲ್ಲಿನಲ್ಲಿ ಇಳಿಯುತ್ತಾನೆ. ಬೋನೆಟ್ ಎತ್ತಿಸುತ್ತಾನೆ, ತಿಂಡಿ ತಿನ್ನುತ್ತಾನೆ, ಆರ್‌ಟಿಜಿಎಸ್ ಮಾಡುತ್ತಾನೆ. ಫಾರ್ಮ್ 29, 30ಕ್ಕೆ ನಮ್ಮವನ ಸಹಿ ಹಾಕಿಸಿಕೊಂಡು, ‘ಟ್ರಾನ್ಸ್‌ಫರ್ ನಾನೇ ಮಾಡಿಸ್ಕೋತೀನಿ ಬ್ರೋ’ ಎಂದು ಗೇರುಸೊಪ್ಪೆ ಘಾಟಿ ಹತ್ತಿಬಿಡುತ್ತಾನೆ. ಕಾರು ಹೋಯಿತು, ಒಡೆತನ ಹೋಗಲಿಲ್ಲ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನೇ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಕಾಯ್ದೆಯ 50ನೇ ಕಲಮು ಹೇಳುತ್ತದೆ. ಹೊರರಾಜ್ಯಕ್ಕಾದರೆ ಎನ್‌ಓಸಿ ಸಮೇತ 45 ದಿನ. ಈ ಕಲಮನ್ನು ಸಾಮಾನ್ಯವಾಗಿ ಓದುವುದು 46ನೇ ದಿನ.

ಇದಕ್ಕೆ ಭಾಷ್ಯ ಬೇಕಿದ್ದರೆ 2018ರ ನವೀನ್ ಕುಮಾರ್ ಪ್ರಕರಣವನ್ನು ನೋಡಬೇಕು. 2007ರಲ್ಲಿ ಮಾರಿದ ಕಾರದು. ಕೈಯಿಂದ ಕೈಗೆ ದಾಟಿ ದಾಟಿ 2009ರಲ್ಲಿ ಅಪಘಾತ ಮಾಡಿತು. ಅಷ್ಟು ಹೊತ್ತಿಗೂ ಆರ್‌ಸಿಯಲ್ಲಿದ್ದದ್ದು ಮೊದಲನೆಯವನ ಹೆಸರೇ. ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದಿತು ಸುಪ್ರೀಂ ಕೋರ್ಟು. ಕಾಗದದ ಕಾರೇ ಸತ್ಯ, ರಸ್ತೆಯ ಕಾರು ಮಿಥ್ಯ! ಶಂಕರರೂ ಇಷ್ಟು ಖಡಾಖಂಡಿತವಾಗಿ ಹೇಳಿರಲಿಕ್ಕಿಲ್ಲ.

ಈ ತತ್ತ್ವ ಅನುಭವಕ್ಕೆ ಬರಲು ಕೋರ್ಟಿನ ತನಕ ಹೋಗಬೇಕಾಗಿಲ್ಲ. ಮಾರಿದವನು ಹೊನ್ನಾವರದಲ್ಲಿ ಗದ್ದೆಯ ಬದುವಿನ ಮೇಲೆ ನಿಂತಿದ್ದಾಗ ಮೊಬೈಲಿಗೆ ಮೆಸೇಜು ಬರುತ್ತದೆ: ಬೆಂಗಳೂರಿನ ಯಾವುದೋ ಸಿಗ್ನಲ್ಲಿನಲ್ಲಿ ಅವನು ಕೆಂಪುದೀಪ ಹಾರಿದ್ದಾನಂತೆ. ಲಿಂಕ್ ಒತ್ತಿದರೆ ಫೋಟೋ. ತಾನು ಆರಿಸಿ ತರಿಸಿದ ಅಲಾಯ್ ಈಗ ಕಪ್ಪುಬಣ್ಣ ಬಳಿಸಿಕೊಂಡಿರುವುದನ್ನು ನೋಡಿ ಅವನಿಗೆ ದಂಡಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಫೋನ್ ಮಾಡಿದರೆ ‘ನಾಳೆ ಕಟ್ತೀನಿ ಬ್ರೋ.’ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನವರು ಸಾಲುಗಟ್ಟಿ ಕಟ್ಟಿದರು. ಹೆಸರು ಬದಲಾಗದೆ ಕಾರು ಮಾರಿದ ಪಂಥದವರಿಗೆ ಬೇರೆಯವನ ದಂಡವನ್ನು ಅರ್ಧ ಬೆಲೆಗೆ ಕಟ್ಟುವ ಭಾಗ್ಯ ಒದಗಿತ್ತು.

ಕಡೆಯದಾಗಿ ಶೇಷದ್ರವ್ಯ ಪ್ರಕರಣ, ಅಂದರೆ ಅಟ್ಟದ ಮೇಲಿಟ್ಟ ಕಂಪನಿ ಸೈಲೆನ್ಸರ್, ಹಳೇ ಸ್ಪ್ರಿಂಗು, ನಾಲ್ಕು ಚಕ್ರ. ಕೊಳ್ಳುವಾಗ ‘ಅದೆಲ್ಲ ಯಾಕೆ ಬ್ರೋ’ ಎಂದವನೇ, ವಾಹನ ಕಾಗದದ ಪ್ರಕಾರ ಇರಬೇಕೆಂದು ಯಾರೋ ಗದರಿಸಿದ ಮೇಲೆ ಅವನ್ನು ಕೇಳಿ ಫೋನ್ ಮಾಡುತ್ತಾನೆ. ಪಾರ್ಸೆಲ್ ಖರ್ಚು ಯಾರದೆಂಬುದರಲ್ಲಿ ಮತಭೇದವುಂಟು. ಮಾರಿದವನದೆಂದು ಒಂದು ಪಕ್ಷ, ಬೇಕಾದವನು ಬಂದು ಒಯ್ಯಲಿ ಎಂದು ಇನ್ನೊಂದು. ವಾದ ಜೂನ್ ತನಕ ಎಳೆದಾಗ ಮಾರಿದವನ ಅಮ್ಮ, ‘ತಮಾ, ಮಳೆ ಬಂತು, ಕಟ್ಟಿಗೆ ಇಡಲಿಕ್ಕೆ ಅಟ್ಟ ಬೇಕು’ ಎಂದು ತಾವೇ ಆಟೋ ಕರೆಸಿ, ದುಡ್ಡು ಕೊಟ್ಟು, ಬಸ್ಸಿಗೆ ಹಾಕಿಸಿದರು.