ತೊಂಬತ್ತೊಂಬತ್ತು ಪರ್ಸೆಂಟ್ ಕೊಟ್ರೇಶಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನ ಯಾವ ಸಂತೆಯಲ್ಲಿ ನಿಂತು ‘ಏ ಕೊಟ್ರೇಶಿ’ ಅಂತ ಕೂಗಿದರೂ ನಾಲ್ಕು ಮಂದಿಯಾದರೂ ತಿರುಗಿ ನೋಡುತ್ತಾರೆ. ಗುರು ಕೊಟ್ಟೂರೇಶ್ವರನ ಮಹಿಮೆ. ಐದನೆಯವನೊಬ್ಬ ಇರುತ್ತಾನೆ. ತಿರುಗುವುದಿಲ್ಲ. ಮೊಬೈಲಿನಿಂದ ಕಣ್ಣು ಕೀಳದೆ ಒಂದು ಬೆರಳೆತ್ತಿ, ‘ತಡೀರಿ, ತೊಂಬತ್ತೊಂಬತ್ತಕ್ಕ ಬಂದೈತಿ’ ಅನ್ನುತ್ತಾನೆ. ಇದು ಅವನ ಕಥೆ.

2020ರ ಲಾಕ್‌ಡೌನಿನಲ್ಲಿ ಒಂದು ಲ್ಯಾಪ್‌ಟಾಪು, ಎರಡು ಚಡ್ಡಿ ಹಿಡಿದು ಬೆಂಗಳೂರಿನಿಂದ ಊರಿಗೆ ಬಂದವನು ಇನ್ನೂ ಹೋಗಿಲ್ಲ. ಕಂಪನಿ ಕರೆಯಲು ಮರೆಯಿತೋ, ಇವನು ಹೋಗಲು ಮರೆತನೋ, ಇಬ್ಬರೂ ಬಾಯಿ ಬಿಡುವುದಿಲ್ಲ. ಕಾಳು ತುಂಬಿಡುತ್ತಿದ್ದ ಕೋಣೆಯೇ ಈಗ ಆಫೀಸು. ಒಂದು ಸರ್ವರಿನಲ್ಲಿರುವ ಲಕ್ಷಗಟ್ಟಲೆ ಫೈಲುಗಳನ್ನು ಇನ್ನೊಂದು ಸರ್ವರಿಗೆ ಸಾಗಿಸುವುದು ಉದ್ಯೋಗ. ಇದನ್ನು ಕನ್ಯೆ ಕೊಡಲು ಬಂದವರಿಗೆ ತಿಳಿಸಿ ಹೇಳುವುದು ಅವರಪ್ಪನ ಪಾಲಿಗೆ ಬಂದ ಕಷ್ಟ.

‘ಹುಡುಗ ಏನ್ ಮಾಡ್ತಾನ್ರೀ?’

‘ಈ ಕಂಪ್ಯೂಟರ್‌ನಾಗಿಂದು ಆ ಕಂಪ್ಯೂಟರ್‌ಗೆ ಹಾಕ್ತಾನ್ರೀ.’

‘ಹಾಕಿದ ಮ್ಯಾಲೆ?’

‘ಎಣಿಸ್ತಾನ.’

‘ಎಣಿಸಿ?’

‘ಮತ್ತೊಮ್ಮೆ ಎಣಿಸ್ತಾನ.’

ಸಂಬಳ ಎಷ್ಟೆಂದು ಕೇಳಿದ ಮೇಲೆ ಬೀಗರಾಗುವವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವನ ಮನೆದೇವರು ಕೊಟ್ಟೂರೇಶ್ವರ, ಕಸುಬಿನ ದೇವರು ಆರ್‌ಸಿಂಕ್. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್, ಪಾಲ್ ಮೆಕೆರಾಸ್ ಎಂಬಿಬ್ಬರು ಬರೆದ ಪ್ರೋಗ್ರಾಮು ಅದು. ಅವರ ಫೋಟೊಗೆ ಕುಂಕುಮ ಹಚ್ಚಿ ಜಗಲಿಯ ಮೇಲೆ ಇಟ್ಟಿಲ್ಲ, ಅಷ್ಟೇ ಕಡಮೆ. ಆ ಪ್ರೋಗ್ರಾಮಿನ ಹೆಚ್ಚುಗಾರಿಕೆ ಇಷ್ಟು: ಇದ್ದಬದ್ದದ್ದನ್ನೆಲ್ಲ ಮತ್ತೆ ಮತ್ತೆ ಕಳಿಸುವುದಿಲ್ಲ. ಆ ಕಡೆ ಏನಿದೆ, ಈ ಕಡೆ ಏನಿದೆ ಎಂದು ಮೊದಲು ನೋಡಿ, ವ್ಯತ್ಯಾಸ ಇದ್ದಷ್ಟನ್ನೇ ಕಳಿಸುತ್ತದೆ. ನಡುವೆ ಲೈನು ಕಡಿದುಹೋದರೂ ಹೋದದ್ದು ಹೋದಂತೆಯೇ, ಉಳಿದದ್ದನ್ನಷ್ಟೇ ಮುಂದುವರಿಸಬಹುದು. ಈ ಬುದ್ಧಿ ಕೊಟ್ರೇಶಿಗೂ ಇಳಿದಿದೆ. ಕಿರಾಣಿ ಚೀಟಿ ಕೈಗಿಟ್ಟರೆ ನೇರ ಅಂಗಡಿಗೆ ಹೋಗುವುದಿಲ್ಲ. ಅಡುಗೆಮನೆಗೆ ಹೋಗಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಚೀಟಿಯಲ್ಲಿ ಗೀಟು ಹಾಕುತ್ತಾನೆ. ‘ಸಾಸಿವಿ ಕಾಲ್ ಕೇಜಿ ಬರ್ದೀಯವ್ವಾ, ಅರ್ಧ ಡಬ್ಬಿ ಐತಲ್ಲ?’ ಅವ್ವ ಲಟ್ಟಣಿಗೆ ಎತ್ತಿದಾಗ ಹೊರಡುತ್ತಾನೆ.

ಆ ಆರ್‌ಸಿಂಕಿನಲ್ಲಿ ಒಂದು ಓರೆಗೀಟಿನ ಕಾಟವಿದೆ. ಫೋಲ್ಡರಿನ ಹೆಸರಿನ ಕೊನೆಗೆ ಗೀಟು ಹಾಕಿದರೆ ಒಳಗಿನದಷ್ಟೇ ಹೋಗುತ್ತದೆ. ಹಾಕದಿದ್ದರೆ ಫೋಲ್ಡರೂ ಎದ್ದು ಜೊತೆಗೆ ನಡೆಯುತ್ತದೆ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡು ಮದುವೆ ಊಟಕ್ಕೆ ಬರುವ ಕೊಟ್ರೇಶಿ, ಈ ಗೀಟಿನ ವಿಷಯದಲ್ಲಿ ಮಾತ್ರ ಹೆಡ್‌ಮಾಸ್ತರ. ಮೊದಲು ಹುಸಿ ಓಟ ಓಡಿಸಿ, ಏನೇನು ಹೋಗಲಿದೆ ಎಂಬ ಪಟ್ಟಿ ಓದಿ, ಆಮೇಲೆ ನಿಜವಾದ ಎಂಟರ್ ಒತ್ತುತ್ತಾನೆ.

ಎಂಟರ್ ಒತ್ತಿದ ಮೇಲೆ ಶುರುವಾಗುವುದು ‘ಇನ್ನೆಷ್ಟು ಹೊತ್ತು’ ಎಂಬ ಪ್ರಕರಣ. ಪರದೆಯ ಮೇಲೆ ಮೊದಲು ಮೂರು ನಿಮಿಷ ಎಂದು ಬರುತ್ತದೆ. ಕಣ್ಣು ಮಿಟುಕಿಸಿದರೆ ಹದಿನಾಲ್ಕು ಗಂಟೆ. ಒಂದು ದೊಡ್ಡ ಫೈಲು ಸರಾಗ ಹೋಗುತ್ತದೆ. ಸಣ್ಣವು ಲಕ್ಷ ಬಂದರೆ ಒಂದೊಂದನ್ನೂ ತೆರೆದು, ಹೆಸರು ಬರೆದು, ಮುಚ್ಚುವುದರಲ್ಲೇ ಹೊತ್ತು ಕಳೆಯುತ್ತದೆ. ಹಾಗಾಗಿ ಆ ಅಂದಾಜು ಮೈಲಾರದ ಕಾರ್ಣಿಕವಿದ್ದಂತೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ, ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದನ್ನು ರೈತ ಮಳೆಗೆ, ವ್ಯಾಪಾರಿ ದರಕ್ಕೆ, ರಾಜಕಾರಣಿ ಕುರ್ಚಿಗೆ ಹಚ್ಚಿಕೊಳ್ಳುತ್ತಾನೆ. ಇಲ್ಲೂ ಅದೇ. ಕೊಟ್ರೇಶಿಯ ಮ್ಯಾನೇಜರು ‘ಸಂಜೆಗೆ’ ಎಂದು ಅರ್ಥ ಮಾಡಿಕೊಂಡರೆ, ಗಿರಾಕಿ ‘ಈಗಲೇ’ ಎಂದು, ಅವ್ವ ‘ಇವತ್ತೂ ಊಟ ಆರಿಹೋಗತೈತಿ’ ಎಂದು.

ಒಂದು ರಾತ್ರಿ ಕರೆಂಟು ಹೋಯಿತು. ಕಟ್ಟೆಯ ಮೇಲೆ ಮಲಗಿದ್ದ ಕಾಕ ಎದ್ದು ಕುಂತ.

‘ಲೇ ಕೊಟ್ರಾ, ನಿನ್ನ ಫೈಲು ಎಲ್ಲಿ ನಿಂತ್ವೋ?’

‘ನಿಂತಿಲ್ಲ ಕಾಕಾ. ಅವು ಮುಂಬೈನಿಂದ ಹೈದರಾಬಾದಿಗೆ ತಾವ ಹೊಂಟಾವು. ನಮ್ಮೂರಿಗೆ ಬರಂಗಿಲ್ಲ. ಹೊಸಾ ಹುಡುಗೊಬ್ಬ ಅವನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಮತ್ತ ಏರಿಸಾಕತ್ತಿದ್ದ. ಬೈದೆ. ಮುಂಬೈ ಫೈಲು ನಿನ್ನ ರೂಮಿಗೆ ಬಂದು ಚಾ ಕುಡಿದು ಯಾಕ ಹೋಗಬೇಕಲೇ ಅಂತ.’

‘ಅಂದ್ರ ಇಲ್ಲಿ ಕರೆಂಟ್ ಹೋದ್ರೂ ಅಲ್ಲಿ ನಡೀತೈತಿ?’

‘ಅಲ್ಲಿನ ಸರ್ವರಿನಾಗೇ ಟಿಮಕ್ಸ್ ಅನ್ನೋದ್ರಾಗ ಹಾಕೀನಿ ಕಾಕಾ. ನಾ ಸತ್ರೂ ನಡೀತೈತಿ.’

‘ಮತ್ತ ನೀ ಯಾಕ ರಾತ್ರೆಲ್ಲಾ ಎದ್ದು ಕುಂತೀ?’

ಈ ಪ್ರಶ್ನೆಗೆ ಕೊಟ್ರೇಶಿ ಇಂದಿಗೂ ಉತ್ತರ ಕೊಟ್ಟಿಲ್ಲ.

ಊರಿನವರಿಗೆ ಅವನು ಉಪಯೋಗಕ್ಕೆ ಬಂದದ್ದು ಫೋಟೊ ಸ್ಟುಡಿಯೊ ಮಾಲೀಕನ ಮೂಲಕ. ಮದುವೆಯ ವಿಡಿಯೊ ಒಂದು ಟೆರಾಬೈಟು, ಎಡಿಟಿಂಗಿಗೆ ಬೆಂಗಳೂರಿಗೆ ಕಳಿಸಬೇಕು, ನೆಟ್ಟಿನಲ್ಲಿ ಹಾಕಿಕೊಡು ಎಂದ. ಕೊಟ್ರೇಶಿ ಕ್ಯಾಲ್ಕುಲೇಟರ್ ಒತ್ತಿದ. ಮೇಲೇರುವ ವೇಗ ಸೆಕೆಂಡಿಗೆ 20 ಮೆಗಾಬಿಟ್ ಹಿಡಿದರೆ 111 ಗಂಟೆ. ನಾಲ್ಕೂವರೆ ದಿನದ ಮೇಲಾಯಿತು. ಅದೇ ಹಾರ್ಡ್‌ಡಿಸ್ಕನ್ನು ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಎಂಟು ಗಂಟೆ. ಲೆಕ್ಕ ಹಾಕಿದರೆ ನಮ್ಮ ಕೆಂಪು ಬಸ್ಸಿನ ವೇಗ ಸೆಕೆಂಡಿಗೆ 278 ಮೆಗಾಬಿಟ್! ‘ಬಸ್ಸಿಗೆ ಕೊಡು’ ಎಂದ. ಇಷ್ಟು ಓದಿದವನು ಇದನ್ನೇ ಹೇಳುವುದೇ ಎಂದು ಮಾಲೀಕನಿಗೆ ನಿರಾಸೆ. ಕೊಟ್ರೇಶಿ ಸಮಾಧಾನ ಮಾಡಿದ: ಅಮೆಜಾನಿನವರೇ 2016ರಲ್ಲಿ 45 ಅಡಿಯ ಕಂಟೇನರಿನಲ್ಲಿ 100 ಪೆಟಾಬೈಟ್ ತುಂಬಿ ಲಾರಿಯಲ್ಲಿ ಸಾಗಿಸುವ ಸೇವೆ ತೆರೆದಿದ್ದರು, 2024ರಲ್ಲಿ ನಿಲ್ಲಿಸಿದರು. ಕಾಕ ಕಟ್ಟೆಯ ಮೇಲಿಂದಲೇ ಅಂದ: ‘ಲಾರಿನೇ ಬೇಕಿದ್ವು ಅಂದ್ರ ಸಂಡೂರಿಗೆ ಬರಬೇಕಿತ್ತು. ಅದಿರು ಒಯ್ದ ಲಾರಿ ಎಷ್ಟು ಖಾಲಿ ನಿಂತಿದ್ವು!’

ಡಿಸ್ಕು ಬಸ್ಸು ಹತ್ತಿತು. ನಾಡಿದ್ದು ಇನ್ನೊಂದು ಮುಹೂರ್ತವಿದೆ, ಕ್ಯಾಮೆರಾದ ಕಾರ್ಡು ಖಾಲಿ ಮಾಡುತ್ತೇನೆ ಎಂದು ಮಾಲೀಕ ಹೊರಟಾಗ ಕೊಟ್ರೇಶಿ ಕಾರ್ಡು ಕಸಿದುಕೊಂಡ. ಬೆಂಗಳೂರಿನವರು ಡಿಸ್ಕು ತೆರೆದು, ಎಣಿಸಿ, ಫೋನು ಮಾಡುವ ತನಕ ಕೊಡಲಿಲ್ಲ. ಇದೊಂದರಲ್ಲಿ ಅವನು ಅಪ್ಪ ಹೇಳಿದರೂ ಕೇಳುವವನಲ್ಲ. ನೂರು ಪರ್ಸೆಂಟ್ ಬಂದರೂ ಅವನ ಪ್ರಕಾರ ಕೆಲಸ ಮುಗಿಯುವುದಿಲ್ಲ; ಎರಡೂ ಕಡೆಯ ಒಂದೊಂದು ಫೈಲಿಗೂ ಚೆಕ್‌ಸಮ್ ಎಂಬ ಗುರುತಿನ ಸಂಖ್ಯೆ ತೆಗೆಯುತ್ತಾನೆ. ಒಂದೇ ಒಂದು ಬಿಟ್ ಆಚೀಚೆಯಾಗಿದ್ದರೂ ಆ ಸಂಖ್ಯೆ ತಾಳೆಯಾಗುವುದಿಲ್ಲ.

ಹರಪನಹಳ್ಳಿಯ ಸೋದರಮಾವ, ರಿಟೈರಾದ ಗುಮಾಸ್ತರು, ಒಮ್ಮೆ ಹಂಗಿಸಿದರು: ‘ನೀನೇನ್ ಟ್ರಾನ್ಸ್‌ಫರ್ ಮಾಡ್ತೀಯೋ? ನಮ್ಮ ತಾಲ್ಲೂಕಿಗೆ ತಾಲ್ಲೂಕೇ ಟ್ರಾನ್ಸ್‌ಫರ್ ಆತು. 1997ರಾಗ ಬಳ್ಳಾರಿಯಿಂದ ದಾವಣಗೆರೆ, 2018ರಾಗ ಮತ್ತ ಬಳ್ಳಾರಿ, 2021ರಾಗ ವಿಜಯನಗರ. ನಾವೇನ್ ಹಿಂಗ ನಿದ್ದೆಗೆಟ್ಟಿದ್ವೇನು?’

‘ಪ್ರತಿ ಸಲ ಹೋದ ಕಡತ ಎಷ್ಟು, ಮುಟ್ಟಿದ್ದು ಎಷ್ಟು ಅಂತ ತಾಳೆ ನೋಡಿದ್ರೇನ್ ಮಾವಾ?’

ಮಾವ ಮಂಡಕ್ಕಿ ಮೆಣಸಿನಕಾಯಿ ತರಿಸಲು ಹೇಳಿ ಮಾತು ಬದಲಿಸಿದರು.

ಸಾಗಿಸುವವರು ಊರ ತುಂಬ ಸಿಗುತ್ತಾರೆ, ಮುಟ್ಟಿತೇ ಎಂದು ನೋಡುವವರು ಅಪರೂಪ. ಕೊಟ್ರೇಶಿಗೆ ಕಂಪನಿ ಸಂಬಳ ಕೊಡುವುದು ಆ ಎರಡನೆಯ ಎಣಿಕೆಗೆ. ಆದ್ದರಿಂದ ಓದುಗರೇ, ನೀವು ಮೊಬೈಲು ಬದಲಿಸುವಾಗ ಹೊಸದರಲ್ಲಿ ಮಗಳ ಮದುವೆಯ ಫೋಟೊ ಅಷ್ಟೂ ಬಂದಿವೆಯೇ ಎಂದು ತೆರೆದು ಎಣಿಸಿ. ಅಲ್ಲಿಯ ತನಕ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ.